ಮನೆಯ ರೆಕಾರ್ಡಿಂಗ್‌ಗೆ ಡ್ರಮ್ ಮೆಷಿನ್: 6/8 ಬೈಲಾಕ್ಕೆ ಒಗ್ಗುವುದು ಯಾವುದು?

ಕಲ್ಯಾಣಪುರದ ಗಿಟಾರ್:

ಎಲ್ಲರಿಗೂ ನಮಸ್ಕಾರ. ಊರು ಕಲ್ಯಾಣಪುರ, ಕೆಲಸ ಉಡುಪಿಯ ಒಂದು ಮುದ್ರಣಾಲಯದಲ್ಲಿ. ಗಿಟಾರ್ ಹಿಡಿದು ಇಪ್ಪತ್ತು ವರ್ಷ ಕಳೆಯಿತು. ಭಾನುವಾರ ಇಗರ್ಜಿಯ ಗಾಯನ ವೃಂದ, ಮದುವೆಯ ಕಾಲದಲ್ಲಿ ನೆಂಟರಿಷ್ಟರ ಮನೆಯ ರೋಸ್ (ಮದುವೆಗೆ ಮುಂಚೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ). ನನ್ನ ವೇದಿಕೆ ಅಷ್ಟೇ. ನಾನೇ ಕಟ್ಟಿದ ಕೊಂಕಣಿ ಹಾಡುಗಳು ಹನ್ನೊಂದಿವೆ. ಅವುಗಳಲ್ಲಿ ಏಳು ಬೈಲಾ, ಕುಣಿಸುವ ಹಾಡುಗಳು, ಅಂದರೆ 6/8, ಆರು ಎಣಿಕೆಯ ತಾಳ. ಎರಡು ವಾಲ್ಟ್ಜ್, ಉಳಿದೆರಡು ಸಾಮಾನ್ಯ 4/4. ಡಿಸೆಂಬರಿನಲ್ಲಿ ತಂಗಿಯ ಮಗಳ ಮದುವೆ. ಅಷ್ಟರೊಳಗೆ ನಾಲ್ಕು ಹಾಡನ್ನಾದರೂ ಕೇಳುವ ಹಾಗೆ ಧ್ವನಿ ಮುದ್ರಿಸಿ ಕೊಡುತ್ತೇನೆ ಎಂದು ಬಾಯಿ ಜಾರಿ ಹೇಳಿಬಿಟ್ಟಿದ್ದೇನೆ.

ನಿಜವಾದ ಡ್ರಮ್ ಪ್ರಯತ್ನವೂ ಆಗಿದೆ. ಏಪ್ರಿಲ್‌ನಲ್ಲಿ ಸೋದರಳಿಯನ ಡ್ರಮ್ ಸೆಟ್ ತಂದು ಚಾವಡಿಯಲ್ಲಿ ಹೂಡಿ ಎರಡು ಮೈಕ್ ಇಟ್ಟೆವು. ಕಿಕ್ (ಕಾಲಿನಲ್ಲಿ ಬಡಿಯುವ ದೊಡ್ಡ ಡ್ರಮ್) ತುಳಿದಾಗಲೆಲ್ಲ ಅಡುಗೆ ಮನೆಯ ಸ್ಟೀಲ್ ಲೋಟಗಳು ಉತ್ತರ ಕೊಡುತ್ತಿದ್ದವು. ಪಕ್ಕದ ಮನೆಯ ಅಜ್ಜಿ ಬಂದು ಯಾರಿಗೆ ಏನಾಯಿತು ಎಂದು ವಿಚಾರಿಸಿದರು. ಈಗಂತೂ ಮಳೆ ಹಿಡಿದಿದೆ, ನಮ್ಮದು ಹಂಚಿನ ಮಾಡು. ಮೈಕ್ ತೆರೆದರೆ ಹಾಡಿಗಿಂತ ಮೊದಲು ಮಾಡೇ ಹಾಡುತ್ತದೆ. ಆದ್ದರಿಂದ ತಂತಿಯಲ್ಲಿ ನೇರವಾಗಿ ಒಳಗೆ ಹೋಗುವ ತಾಳ ಬೇಕು.

ಇರುವ ಸಾಮಾನು: 8 ಜಿಬಿಯ ಲ್ಯಾಪ್‌ಟಾಪ್, ಅದರಲ್ಲಿ ಧ್ವನಿ ಮುದ್ರಿಸುವ ತಂತ್ರಾಂಶ ರೀಪರ್, ಎರಡು ಇನ್‌ಪುಟ್‌ನ ಫೋಕಸ್‌ರೈಟ್ 2ಐ2 (ಮೈಕ್, ಗಿಟಾರನ್ನು ಲ್ಯಾಪ್‌ಟಾಪಿಗೆ ಸೇರಿಸುವ ಪೆಟ್ಟಿಗೆ). ನೋಡಿಟ್ಟಿರುವ ಡ್ರಮ್ ಮೆಷಿನ್ ಮೂರು: ಅಲೆಸಿಸ್ ಎಸ್‌ಆರ್-16, ಕೋರ್ಗ್ ವೋಲ್ಕಾ ಬೀಟ್ಸ್, ಕಾಲಿನಲ್ಲಿ ತುಳಿಯುವ ಬೀಟ್‌ಬಡ್ಡಿ. ಕೈಯಲ್ಲಿರುವುದು 20 ಸಾವಿರ, ಹಳೆಯದಾದರೂ ಅಡ್ಡಿಯಿಲ್ಲ. ಪ್ರಶ್ನೆ ಎರಡು. 6/8 ಅನ್ನು ತಕರಾರಿಲ್ಲದೆ ಒಪ್ಪಿಕೊಳ್ಳುವ ಯಂತ್ರ ಯಾವುದು? ಮುದ್ರಿಸಿದ ಮೇಲೆ ಸ್ನೇರ್ (ಚಟ್ ಎನ್ನುವ ಚಿಕ್ಕ ಡ್ರಮ್) ಜೋರಾಯಿತು ಅನ್ನಿಸಿದರೆ ಅದೊಂದನ್ನೇ ತಗ್ಗಿಸಲು ಸಾಧ್ಯವೇ? ಇಡೀ ದಿನ ಮುದ್ರಣಾಲಯದಲ್ಲಿ ಪರದೆಯ ಮುಂದೆ ಪುಟ ಕಟ್ಟುವವನು ನಾನು. ರಾತ್ರಿ ಮತ್ತೆ ಮೌಸ್ ಹಿಡಿದು ತಾಳ ಕಟ್ಟಲು ಕೈ ಬರುವುದಿಲ್ಲ.

ಸುರತ್ಕಲ್ ಅಲೆ:

ಸರ್, ಲ್ಯಾಪ್‌ಟಾಪ್ ಮತ್ತು ರೀಪರ್ ಇರುವಾಗ ಯಂತ್ರಕ್ಕೆ 20 ಸಾವಿರ ಏಕೆ ಸುರಿಯುತ್ತೀರಿ? ಎಂಟಿ ಪವರ್ ಡ್ರಮ್ ಕಿಟ್ ಉಚಿತವಾಗಿ ಸಿಗುತ್ತದೆ, ರೀಪರ್ ಒಳಗೇ ತೆರೆಯುತ್ತದೆ, ಸಿದ್ಧ ತಾಳಗಳ ಸಂಗ್ರಹವೂ ಜೊತೆಗಿದೆ. ಹೈಡ್ರೋಜನ್ ಎಂಬ ತಂತ್ರಾಂಶವೂ ಉಚಿತ, ಡ್ರಮ್ ಮೆಷಿನ್ ಮಾದರಿಯಲ್ಲೇ ಇರುತ್ತದೆ. ಇವುಗಳಲ್ಲಿ ಕಿಕ್, ಸ್ನೇರ್, ಹೈಹ್ಯಾಟ್ (ಜೋಡಿ ತಾಳದ ತಟ್ಟೆ) ಕೊನೆಯವರೆಗೂ ಬೇರೆ ಬೇರೆಯಾಗಿಯೇ ಉಳಿಯುವುದರಿಂದ ನಿಮ್ಮ ಎರಡನೆಯ ಪ್ರಶ್ನೆಗೆ ಅಲ್ಲೇ ಉತ್ತರ ಸಿಕ್ಕಿತು. ಮೌಸ್ ಬೇಡವಾದರೆ ಪುಟ್ಟ ಮಿಡಿ ಕೀಬೋರ್ಡ್ (ಸದ್ದಿನ ಬದಲು ಯಾವ ಹೊಡೆತ ಎಂಬ ಸಂಕೇತ ಕಳಿಸುವಂಥದ್ದು) ಸಾಕು, ಬೆರಳಿನಲ್ಲೇ ಬಡಿಯಬಹುದು. ಬಡಿಯುವಾಗ ಬಫರ್ (ಲ್ಯಾಪ್‌ಟಾಪ್ ಸದ್ದನ್ನು ತಡೆದಿಟ್ಟುಕೊಳ್ಳುವ ಪ್ರಮಾಣ) 128ಕ್ಕೆ ಇಳಿಸಿ, ತಡ ಸುಮಾರು 3 ಮಿಲಿಸೆಕೆಂಡ್ ಆಗುತ್ತದೆ. 1024ರಲ್ಲೇ ಬಿಟ್ಟರೆ 23 ಮಿಲಿಸೆಕೆಂಡ್, ಬೆರಳು ಬಿದ್ದ ಮೇಲೆ ಸದ್ದು ಬಂದ ಹಾಗೆ ಕೇಳುತ್ತದೆ.

ಬಿಜೈಯ ಹಳೆ ಬ್ಯಾಂಡ್:

ಸುರತ್ಕಲ್‌ನ ತಮ್ಮ ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ ಮೌಸ್ ಬೇಡ ಎಂದವರ ಮುಂದೆ ಮತ್ತೆ ಪರದೆಯನ್ನೇ ಇಟ್ಟ ಹಾಗಾಯಿತು. ನಾನು ಒಂದು ಎಸ್‌ಆರ್-16 ಇಟ್ಟುಕೊಂಡು ಸುಮಾರು ಮೂವತ್ತು ವರ್ಷವಾಯಿತು. ಅದರ ಮೇಲೆ ಪ್ರೀತಿಯೂ ಇದೆ, ಸಿಟ್ಟೂ ಇದೆ, ಎರಡನ್ನೂ ಬರೆಯುತ್ತೇನೆ. ಉದ್ದವಾದರೆ ಕ್ಷಮಿಸಿ.

1996ರಲ್ಲಿ ನಮ್ಮ ಮದುವೆ ಬ್ಯಾಂಡಿನ ಡ್ರಮ್ಮರ್ ಕುವೈತಿಗೆ ಹೋದ. ಸೀಸನ್ ತಲೆ ಮೇಲೆ. ಹಡಗಿನಲ್ಲಿ ಕೆಲಸದಲ್ಲಿದ್ದ ಭಾವ ಅಮೆರಿಕದಿಂದ ಈ ಯಂತ್ರ ತಂದುಕೊಟ್ಟರು, ಜೊತೆಗೆ ಅಲ್ಲಿನದೇ ಅಡಾಪ್ಟರ್. ಅದು 120 ವೋಲ್ಟಿನದು ಎಂದು ನೋಡುವ ಬುದ್ಧಿ ನಮಗಿರಲಿಲ್ಲ. ಸಭಾಭವನದ ಗೋಡೆಗೆ ಸಿಕ್ಕಿಸಿದೆವು, ಸುಟ್ಟ ವಾಸನೆ ಬಂತು, ಆ ಸಂಜೆಯ ಬೈಲಾ ಪೂರ್ತಿ ಊಟದ ಮೇಜು ಬಡಿದು ಮುಗಿಸಿದೆವು. ಪುಣ್ಯಕ್ಕೆ ಸತ್ತದ್ದು ಅಡಾಪ್ಟರ್ ಮಾತ್ರ. ಮರುದಿನ ಗಿಟಾರ್ ಪೆಡಲ್‌ನ 9 ವೋಲ್ಟ್ ಅಡಾಪ್ಟರ್ ಹಾಕಿ ನೋಡಿದೆ, ಯಂತ್ರ ಕಣ್ಣು ಬಿಡಲಿಲ್ಲ. ಪೆಡಲ್‌ಗಳದ್ದು ಡಿಸಿ, ಎಸ್‌ಆರ್-16ಕ್ಕೆ ಬೇಕಾದದ್ದು 9 ವೋಲ್ಟ್ ಎಸಿ. ಹಳೆಯದನ್ನು ಕೊಳ್ಳುವಾಗ ಅಡಾಪ್ಟರಿನ ಮೈಮೇಲೆ ಬರೆದದ್ದನ್ನು ಓದಿ. ಔಟ್‌ಪುಟ್ ಎದುರು 9 ವೋಲ್ಟ್ ಎಸಿ ಎಂದೇ ಇರಬೇಕು, ಇನ್‌ಪುಟ್ 230 ಇರಬೇಕು. ಮಾರುವವರಿಗೇ ಎಷ್ಟೋ ಸಲ ಇದು ಗೊತ್ತಿರುವುದಿಲ್ಲ. ‘ಕೆಟ್ಟಿದೆ’ ಎಂದು ಅಗ್ಗಕ್ಕೆ ಕೊಟ್ಟ ಒಂದು ಯಂತ್ರ ನನ್ನ ಅಡಾಪ್ಟರ್ ಸಿಕ್ಕಿಸಿದ ಕೂಡಲೇ ಎದ್ದು ಕುಳಿತದ್ದುಂಟು.

ಇನ್ನು ಆಯ್ಕೆಯ ವಿಚಾರ. ಯಕ್ಷಗಾನದಲ್ಲಿ ಭಾಗವತರು ಪದ ಏರಿಸಿದರೆ ಮದ್ದಳೆಯವರು ಜೊತೆಗೇ ಏರುತ್ತಾರೆ, ವೇಷಧಾರಿ ಕುಣಿತ ಬೆಳೆಸಿದರೆ ಚೆಂಡೆಯವರು ಕಾಯುತ್ತಾರೆ. ಡ್ರಮ್ ಮೆಷಿನ್‌ಗೆ ಈ ದಾಕ್ಷಿಣ್ಯ ಇಲ್ಲ ಮಾರಾಯರೇ. ನೀವೇ ಅದರ ಹಿಂದೆ ಓಡಬೇಕು. ಹಾಗಾಗಿ ಗಿಟಾರ್‌ನವರು ಸದ್ದುಗಳ ಸಂಖ್ಯೆ ನೋಡಿ ಯಂತ್ರ ಕೊಳ್ಳಬಾರದು ಎಂದು ನನ್ನ ಹಟ. ಎಸ್‌ಆರ್-16ರಲ್ಲಿ 233 ಸದ್ದುಗಳಿವೆ, ನಾನು ಇಷ್ಟು ವರ್ಷದಲ್ಲಿ ಬಳಸಿದ್ದು ಹೆಚ್ಚೆಂದರೆ ಹದಿನಾಲ್ಕು. ಎರಡೂ ಕೈ ತಂತಿಯ ಮೇಲಿರುವಾಗ ಪಲ್ಲವಿಯಿಂದ ಚರಣಕ್ಕೆ ತಾಳ ತಿರುಗಿಸುವುದು ಹೇಗೆ ಎಂದು ಕೇಳಿಕೊಳ್ಳಿ. ಈ ಯಂತ್ರದ ಪ್ರತಿ ಪ್ಯಾಟರ್ನ್‌ಗೆ ಎ, ಬಿ ಎಂದು ಎರಡು ಮುಖಗಳು, ನಡುವೆ ಫಿಲ್, ಅಂದರೆ ಒಂದರಿಂದ ಇನ್ನೊಂದಕ್ಕೆ ದಾಟಿಸುವ ಚಿಕ್ಕ ಉರುಳು. ಹಿಂಭಾಗದಲ್ಲಿ ಫುಟ್‌ಸ್ವಿಚ್‌ಗೆ ಎರಡು ತೂತು: ಒಂದು ಶುರು ಮಾಡಿ ನಿಲ್ಲಿಸಲು, ಇನ್ನೊಂದು ಫಿಲ್‌ಗೆ. ಚರಣ ಮುಗಿಯುವ ಹೊತ್ತಿಗೆ ತುಳಿದರೆ ಟಾಮ್‌ಗಳು ಉರುಳಿ ಪಲ್ಲವಿಯ ತಾಳಕ್ಕೆ ಹೋಗಿ ಕೂರುತ್ತದೆ. ಒತ್ತಿ ಬಿಟ್ಟರೆ ಹಿಂದಕ್ಕೆ ಬರುವ ಬಗೆಯ ಸ್ವಿಚ್ ತೆಗೆದುಕೊಳ್ಳಿ. ಆಂಪ್ಲಿಫೈಯರ್‌ಗೆ ಬರುವ, ಒಮ್ಮೆ ಒತ್ತಿದರೆ ಅಲ್ಲೇ ಕೂರುವಂಥದ್ದು ಇದಕ್ಕೆ ಆಗದು.

6/8 ಕಟ್ಟುವುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ನಾನು ಒಂದು ವಾರ ಒದ್ದಾಡಿದ್ದು ಇಲ್ಲೇ. ‘ಆರು’ ಎಂದು ಯಂತ್ರಕ್ಕೆ ಹೇಳಲು ಹೋಗಬೇಡಿ. ಬೈಲಾಕ್ಕೆ ನಿಮ್ಮ ಕಾಲು ಎಷ್ಟು ಸಲ ನೆಲ ತಟ್ಟುತ್ತದೆ? ಎರಡು. ಹಾಗಾದರೆ ಎರಡು ಬೀಟಿನ ಪ್ಯಾಟರ್ನ್ ಇಟ್ಟು, ಕ್ವಾಂಟೈಸ್ (ಹೊಡೆತವನ್ನು ಹತ್ತಿರದ ಮನೆಗೆ ಕೂರಿಸುವ ವ್ಯವಸ್ಥೆ) ಅನ್ನು ಎಂಟರ ಟ್ರಿಪ್ಲೆಟ್‌ಗೆ ತಿರುಗಿಸಿ. ಒಂದು ಬೀಟಿನೊಳಗೆ ಮೂರು ಮನೆ, ಎರಡಕ್ಕೆ ಆರು ಮನೆ ತಾನಾಗಿಯೇ ಆಯಿತು. ನನ್ನ ಬೈಲಾದಲ್ಲಿ ಹೈಹ್ಯಾಟ್ ಆರೂ ಮನೆಯಲ್ಲಿ ಇರುತ್ತದೆ, ಒಂದು ಮತ್ತು ನಾಲ್ಕು ಮಾತ್ರ ಗಟ್ಟಿ. ಒಂದಕ್ಕೆ ಕಿಕ್, ನಾಲ್ಕಕ್ಕೆ ಸ್ನೇರ್, ಮೂರು ಮತ್ತು ಆರಕ್ಕೆ ಮೆಲ್ಲಗೆ ಕಾಂಗೋ (ಕೈಯಲ್ಲಿ ಬಡಿಯುವ ಉದ್ದನೆಯ ಡ್ರಮ್). ಆ ಮೆಲ್ಲಗಿನ ಕಾಂಗೋವೇ ಜನರನ್ನು ಕುರ್ಚಿಯಿಂದ ಎಬ್ಬಿಸುವುದು. ಎಲ್ಲ ಹೊಡೆತವನ್ನೂ ಒಂದೇ ಬಲದಲ್ಲಿ ತುಂಬಿದಿರೋ, ನಿಮ್ಮ ಪ್ರೆಸ್ಸಿನ ಹಳೆ ಟ್ರೆಡಲ್ ಯಂತ್ರದ ಹಾಗೆ ಕೇಳುತ್ತದೆ. ಪ್ಯಾಡ್‌ಗಳಿಗೆ ಬೆರಳಿನ ಬಲ ತಿಳಿಯುತ್ತದೆ, ಮೆಲ್ಲಗೆ ಹೊಡೆದಾಗ ಸದ್ದಿನ ಬಣ್ಣವೂ ಚೂರು ಬದಲಾಗುತ್ತದೆ. ಈ ಒಂದು ಗುಣಕ್ಕಾಗಿ ನಾನು ಇದನ್ನು ಇನ್ನೂ ಮಾರಿಲ್ಲ.

ಎರಡನೆಯ ಪ್ರಶ್ನೆ. ಇದಕ್ಕೆ ನಾಲ್ಕು ಔಟ್‌ಪುಟ್ ಇವೆ: ಮುಖ್ಯ ಜೋಡಿ, ಸಹಾಯಕ ಜೋಡಿ. ನಿಮ್ಮಲ್ಲಿರುವುದು ಎರಡೇ ಇನ್‌ಪುಟ್. ಕಿಕ್ಕನ್ನು ಪೂರ್ತಿ ಎಡಕ್ಕೆ, ಸ್ನೇರನ್ನು ಪೂರ್ತಿ ಬಲಕ್ಕೆ ತಳ್ಳಿ ಅವೆರಡನ್ನೇ ಮೊದಲು ಮುದ್ರಿಸಿ, ಎರಡನೆಯ ಸುತ್ತಿನಲ್ಲಿ ಉಳಿದದ್ದು. ಆದರೆ ಎರಡು ಸುತ್ತು ಮಾಡುವುದಾದರೆ ಮಿಡಿ ತಂತಿಯಲ್ಲಿ ಲ್ಯಾಪ್‌ಟಾಪಿಗೆ ಕಟ್ಟಿಹಾಕಲೇಬೇಕು. ಇಲ್ಲವಾದರೆ ಎರಡರ ಗಡಿಯಾರವೂ ಚೂರುಚೂರೇ ಬೇರೆಯಾಗಿ, ಹಾಡು ಮುಗಿಯುವಾಗ ಕಿಕ್ ಮತ್ತು ಹೈಹ್ಯಾಟ್ ಬೇರೆ ಬೇರೆ ಬಸ್ಸಿನಲ್ಲಿ ಬಂದ ಹಾಗಿರುತ್ತದೆ. ನಿಮ್ಮ 2ಐ2ರಲ್ಲಿ ಮಿಡಿ ಕಿಂಡಿ ಇಲ್ಲ, ಯುಎಸ್‌ಬಿಯಿಂದ ಮಿಡಿಗೆ ಹೋಗುವ ತಂತಿ ಬೇರೆ ತರಬೇಕು. ಯಂತ್ರದಲ್ಲಿ ಯುಎಸ್‌ಬಿ ಇಲ್ಲವೇ ಇಲ್ಲ. ಹಳೆಯ ಕಾಲದ್ದು, 1990ರ ದಶಕದ ಆರಂಭದಲ್ಲಿ ಬಂದದ್ದು.

ಇನ್ನೂ ಎರಡು ಮಾತು. ಮುದ್ರಿಸುವಾಗ 2ಐ2ರಲ್ಲಿ ‘ಇನ್ಸ್ಟ್’ ಗುಂಡಿಯನ್ನು ಆಫ್ ಮಾಡಿ ಲೈನ್‌ನಲ್ಲಿಡಿ. ಗಿಟಾರ್‌ಗೆಂದು ಒತ್ತಿಟ್ಟದ್ದನ್ನು ಮರೆತರೆ ಕಿಕ್ ಹರಿದು ಬರುತ್ತದೆ. ಅಭ್ಯಾಸಕ್ಕೆಂದು ಗಿಟಾರ್ ಆಂಪ್‌ಗೂ ಚುಚ್ಚಬೇಡಿ. ಗಿಟಾರ್ ಸ್ಪೀಕರ್ ಸುಮಾರು 5 ಕಿಲೋಹರ್ಟ್ಸ್‌ನ ಆಚೆಗೆ ಹೆಚ್ಚೇನೂ ಹೇಳುವುದಿಲ್ಲ, ಸಿಂಬಲ್ ಗೋಣಿಚೀಲದೊಳಗಿಂದ ಕೇಳಿದ ಹಾಗಾಗುತ್ತದೆ. ಆಮೇಲೆ ಯಂತ್ರದ ಮೇಲೆ ಸಿಟ್ಟು ಮಾಡಿಕೊಳ್ಳುತ್ತೀರಿ.

ಸಿಟ್ಟಿನ ಭಾಗ: ಪರದೆ ಬೆರಳಗಲ, ಪೂರ್ತಿ ಹಾಡು ಜೋಡಿಸುವ ಕ್ರಮ ತಲೆಚಿಟ್ಟು. ಒಳಗಿನ ಪುಟ್ಟ ಬ್ಯಾಟರಿ ಸತ್ತರೆ ನೀವು ಬರೆದದ್ದೆಲ್ಲ ನೀರಿನಲ್ಲಿ ಹೋಮ. ನಾನು ಈಗಲೂ ಪ್ಯಾಟರ್ನ್‌ಗಳನ್ನು ಚೌಕುಳಿ ನೋಟ್ ಪುಸ್ತಕದಲ್ಲಿ ಬರೆದಿಡುತ್ತೇನೆ. ಕರಾವಳಿಯ ಹವೆಗೆ ಪ್ಯಾಡಿನ ರಬ್ಬರಿನ ಕೆಳಗೆ ಕಿಲುಬು ಕೂರುತ್ತದೆ, ಒಂದು ಸಲ ಒತ್ತಿದರೆ ಎರಡು ಸಲ ಬಡಿಯುತ್ತದೆ, ಇಲ್ಲವೇ ಮೂಕವಾಗುತ್ತದೆ. ಕೊಳ್ಳುವ ಮೊದಲು ಹನ್ನೆರಡು ಪ್ಯಾಡನ್ನೂ ಮೆಲ್ಲಗೊಮ್ಮೆ, ಗಟ್ಟಿಯಾಗೊಮ್ಮೆ ಒತ್ತಿ ನೋಡಿ. ಮಳೆಗಾಲದಲ್ಲಿ ಮುಚ್ಚಳ ಬಿಗಿಯಾದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ.

ವೋಲ್ಕಾ ಬೀಟ್ಸ್ ನೋಡಲು ಮುದ್ದು. 16 ಹೆಜ್ಜೆಗಳಲ್ಲಿ ನಾಲ್ಕನ್ನು ಆಫ್ ಮಾಡಿ ಹನ್ನೆರಡು ಮಾಡಿಕೊಂಡರೆ 6/8 ಕೂಡ ಬರುತ್ತದೆ. ಆದರೆ ಅದರ ಕಿಕ್, ಸ್ನೇರ್ ಅನಲಾಗ್, 1980ರ ರೋಲ್ಯಾಂಡ್ 808ರ ಗೋತ್ರದವು. ಎಲ್ಲ ಸದ್ದೂ ಹೊರಬರುವುದು ಒಂದೇ ಸಣ್ಣ ಹೆಡ್‌ಫೋನ್ ತೂತಿನಲ್ಲಿ, ನೆನಪಿನಲ್ಲಿ ಉಳಿಯುವುದು ಎಂಟೇ ಪ್ಯಾಟರ್ನ್. ನೃತ್ಯ ಸಂಗೀತ ಮಾಡುವವರಿಗೆ ಸರಿ. ರೋಸ್ ಮನೆಯಲ್ಲಿ ಅದನ್ನು ಹಾಕಿದರೆ ಹಿರಿಯರು ಸ್ಪೀಕರ್ ಹಾಳಾಗಿದೆ ಎನ್ನುತ್ತಾರೆ.

ಮಣಿಪಾಲದ ಮಂಜು:

ನನ್ನ ಬಳಿ ಬೀಟ್‌ಬಡ್ಡಿ ಇದೆ. ಒಬ್ಬನೇ ಕೂತು ಹಾಡುವವನಿಗೆ ಇದರಷ್ಟು ಹೊಂದುವ ಜೊತೆಗಾರ ನನಗೆ ಸಿಕ್ಕಿಲ್ಲ. ಒಮ್ಮೆ ತಟ್ಟಿದರೆ ಫಿಲ್, ಒತ್ತಿ ಹಿಡಿದರೆ ಮುಂದಿನ ಭಾಗ, ಎರಡು ಸಲ ತಟ್ಟಿದರೆ ಮುಕ್ತಾಯ. ಸದ್ದು ಎಸ್‌ಆರ್-16ಕ್ಕಿಂತ ಎಷ್ಟೋ ಸಹಜ, ಕಣ್ಣು ಮುಚ್ಚಿದರೆ ಪಕ್ಕದಲ್ಲಿ ಮನುಷ್ಯ ಕುಳಿತ ಹಾಗಿರುತ್ತದೆ.

ಆದರೆ ನಿಮಗೆ ಬೇಡ ಎನ್ನುತ್ತೇನೆ. ನಿಮ್ಮ ಮೊತ್ತಕ್ಕೆ ಹೊಸದು ಬರುವುದಿಲ್ಲ. ಕಿಕ್ಕೂ ಸ್ನೇರೂ ಒಂದೇ ಸ್ಟೀರಿಯೋ ಜೋಡಿಯಲ್ಲಿ ಅಂಟಿಕೊಂಡೇ ಹೊರಬರುತ್ತವೆ, ಬಿಡಿಸಲಾಗದು. ಹೊಸ ತಾಳ ಬೇಕಾದರೆ ಕಂಪ್ಯೂಟರಿನಲ್ಲಿ ಕಟ್ಟಿ ಎಸ್‌ಡಿ ಕಾರ್ಡಿಗೆ ಹಾಕಬೇಕು, ಅಂದರೆ ತಿರುಗಿ ಅದೇ ಮೌಸ್. 6/8 ಇದೆ, ಆದರೆ ನನಗೆ ಸಿಕ್ಕಿದವೆಲ್ಲ ನಿಧಾನ ನಡೆಯವು. ಒಂದನ್ನು ಬೈಲಾ ವೇಗಕ್ಕೆ ಏರಿಸಿ ನೋಡಿದೆ, ಡ್ರಮ್ಮರ್‌ಗೆ ಬಸ್ಸು ತಪ್ಪುವ ಗಡಿಬಿಡಿ ಇದ್ದ ಹಾಗಿತ್ತು.

ಕಲ್ಯಾಣಪುರದ ಗಿಟಾರ್:

ಎಲ್ಲರಿಗೂ ಧನ್ಯವಾದ. ಯಂತ್ರ ಬರುವವರೆಗೆ ಸುಮ್ಮನಿರುವುದೇಕೆ ಎಂದು ನಿನ್ನೆ ರಾತ್ರಿ ಎಂಟಿ ಪವರ್ ಹಾಕಿಕೊಂಡೆ. ಗಡಿಯಾರ ಹಿಡಿದು ಕಾಲಿನ ತಟ್ಟು ಎಣಿಸಿದೆ, ನಿಮಿಷಕ್ಕೆ 120. ರೀಪರ್‌ನಲ್ಲಿ 6/8 ಆರಿಸಿ 120 ಎಂದು ಬರೆದೆ. ಹಾಕಿ ಕೇಳಿದರೆ ಮದುವೆ ಮೆರವಣಿಗೆ ಇರಬೇಕಾದಲ್ಲಿ ಶವಯಾತ್ರೆ! ಎಲ್ಲಿ ತಪ್ಪಿದೆ? ಬಿಜೈಯವರೇ, ಇನ್ನೊಂದು ಸಂಶಯ: ನಿಮ್ಮ ಯಂತ್ರದ ತಾಳವನ್ನು ಮಿಡಿಯಲ್ಲಿ ಲ್ಯಾಪ್‌ಟಾಪಿಗೆ ತುಂಬಿ, ಸದ್ದು ಮಾತ್ರ ಎಂಟಿ ಪವರ್‌ನದು ಬಳಸಬಹುದೇ?

ಬಿಜೈಯ ಹಳೆ ಬ್ಯಾಂಡ್:

ತಪ್ಪು ಎಣಿಕೆಯದು. ನಿಮ್ಮ ಕಾಲು ಒಂದು ತಟ್ಟಿಗೆ ಮೂರು ಎಂಟನೇ ಸ್ವರ (6/8ರ ಆರು ಎಣಿಕೆಗಳಲ್ಲಿ ಒಂದೊಂದು) ನುಂಗುತ್ತದೆ. 120 ತಟ್ಟು ಎಂದರೆ ನಿಮಿಷಕ್ಕೆ 360 ಎಂಟನೇ ಸ್ವರ. ತಂತ್ರಾಂಶ ಎಣಿಸಿದ್ದು ಕ್ವಾರ್ಟರ್, ಅಂದರೆ ಕಾಲು ಸ್ವರ, ಅದರಲ್ಲಿ ಎರಡೇ ಎಂಟನೇ ಸ್ವರ. ಹಾಗಾಗಿ ನೀವು ಬರೆಯಬೇಕಾದದ್ದು 180. ನೀವು ಕೇಳಿದ 120 ನಿಮ್ಮ ಕಾಲಿನ ಲೆಕ್ಕದಲ್ಲಿ 80, ಶವಯಾತ್ರೆಗೆ ಸರಿಯಾದ ವೇಗವೇ. ಈ ಗೋಳು ಬೇಡವೆಂದರೆ ರೀಪರ್‌ನಲ್ಲೂ 4/4 ಇಟ್ಟು 120 ಬರೆದು ಗ್ರಿಡ್ಡನ್ನು ಟ್ರಿಪ್ಲೆಟ್ ಮಾಡಿ. ಆಗ ಯಂತ್ರದಲ್ಲೂ 120, ಲ್ಯಾಪ್‌ಟಾಪಿನಲ್ಲೂ 120, ಕಾಲಿನಲ್ಲೂ 120.

ಎರಡನೆಯದು: ಬಳಸಬಹುದು, ನಾನು ಈಗ ಮಾಡುವುದೇ ಹಾಗೆ. ಪ್ಯಾಡ್ ಮತ್ತು ಫುಟ್‌ಸ್ವಿಚ್ ಯಂತ್ರದ್ದು, ಸದ್ದು ಲ್ಯಾಪ್‌ಟಾಪಿನದು. ಮಿಡಿಯಲ್ಲಿ ಹೋಗುವುದು ಯಾವ ವಾದ್ಯ, ಎಷ್ಟು ಬಲ ಎಂಬ ಅಂಕಿಗಳು ಮಾತ್ರ. ಸಾಮಾನ್ಯ ಕ್ರಮದಲ್ಲಿ ಕಿಕ್ 36, ಸ್ನೇರ್ 38, ಮುಚ್ಚಿದ ಹೈಹ್ಯಾಟ್ 42, ತೆರೆದದ್ದು 46. ಎರಡೂ ಕಡೆ ಇವು ಹೊಂದುತ್ತವೆಯೇ ನೋಡಿಕೊಳ್ಳಿ. ನಾನು ಮೊದಲ ಸಲ ನೋಡದೆ ಬಿಟ್ಟು ಸ್ನೇರ್ ಇದ್ದಲ್ಲೆಲ್ಲ ಕೌಬೆಲ್ ಕೇಳಿದ್ದೆ, ಹಟ್ಟಿಯಿಂದ ದನ ಬಿಟ್ಟ ಹಾಗೆ. ಹೀಗೆ ತುಂಬಿದರೆ ಎಡ ಬಲ ತಳ್ಳುವ ನನ್ನ ಹಳೆಯ ಉಪಾಯವೂ ಬೇಡ, ಸ್ನೇರ್ ತಗ್ಗಿಸುವುದು ಮದುವೆಯ ಹಿಂದಿನ ರಾತ್ರಿಯೂ ಆಗುತ್ತದೆ. ಸುರತ್ಕಲ್‌ನ ತಮ್ಮನಿಗೂ ಅರ್ಧ ಗೆಲುವು ಕೊಟ್ಟ ಹಾಗಾಯಿತು.

ಶಿರ್ವದ ಗುಮಟ್:

ರೋಸ್ ಹಾಡಿಗೆ ಕಾಂಗೋ ಏಕೆ? ಗುಮಟ್ ಹಾಕಿ. ಮಡಕೆಯ ದೊಡ್ಡ ಬಾಯಿಗೆ ಚರ್ಮ, ಇನ್ನೊಂದು ಬಾಯಿ ತೆರೆದದ್ದು. ಅದನ್ನು ಎಡಗೈ ಮುಚ್ಚಿ ತೆರೆದಾಗ ಬರುವ ಗುಮ್ಮನ್ನು ಯಾವ ಕಂಪನಿಯ ಯಂತ್ರದಲ್ಲೂ ನಾನು ಕೇಳಿಲ್ಲ. ಹಿಂದೆ ಉಡದ ಚರ್ಮ ಕಟ್ಟುತ್ತಿದ್ದರು, ಈಗ ಅದು ಅಪರಾಧ, ನಮ್ಮಲ್ಲಿರುವುದು ಆಡಿನ ಚರ್ಮದ್ದು. ಮಳೆ ನಿಂತ ಒಂದು ಮಧ್ಯಾಹ್ನ ಮೈಕ್ ಇಟ್ಟು ಒಂದೊಂದು ಹೊಡೆತವನ್ನೂ ಮೆಲ್ಲಗೆ, ಮಧ್ಯಮ, ಗಟ್ಟಿ ಎಂದು ಮೂರು ಬಲದಲ್ಲಿ ಮುದ್ರಿಸಿ ಹೈಡ್ರೋಜನ್‌ಗೆ ಹಾಕಿ. ಬಲಕ್ಕೆ ತಕ್ಕ ಸದ್ದನ್ನು ಅದೇ ಆರಿಸಿಕೊಳ್ಳುತ್ತದೆ. ಬೇಕಾದರೆ ನಾನೇ ಗುಮಟ್ ಹಿಡಿದು ಬರುತ್ತೇನೆ, ಶಿರ್ವದಿಂದ ಎಷ್ಟು ದೂರ? ಚರ್ಮ ಥಂಡಿ ಹಿಡಿದಿದ್ದರೆ ಒಲೆಯ ಹತ್ತಿರ ಸ್ವಲ್ಪ ಕಾಯಿಸಬೇಕು, ಅಷ್ಟೇ.

ಕಲ್ಯಾಣಪುರದ ಗಿಟಾರ್:

180 ಬರೆದೆ, ಶವ ಎದ್ದು ಕುಣಿಯಿತು. ತಂಗಿಗೆ ಫೋನಿನಲ್ಲಿ ಕೇಳಿಸಿದೆ, ಬರೀ ಹೈಹ್ಯಾಟ್ ಮತ್ತು ಗಿಟಾರ್. ಎರಡನೇ ಹಾಡು ಯಾವುದು ಎಂದು ಕೇಳಿದಳು, ಹೊಗಳಲಿಲ್ಲ.

ಶಿರ್ವದವರೇ, ಬನ್ನಿ. ಒಲೆ ಇದೆ, ಸ್ಟೀಲ್ ಲೋಟಗಳನ್ನು ಆ ದಿನ ಕಪಾಟಿನೊಳಗೆ ಇಡುತ್ತೇನೆ.

ಮಂಗಳೂರಿನಲ್ಲೇ ಒಬ್ಬರು ಹಳೆಯ ಎಸ್‌ಆರ್-16 ಕೊಡುತ್ತಾರಂತೆ, 9 ಸಾವಿರಕ್ಕೆ. ಅಡಾಪ್ಟರ್ ಇದೆಯೇ ಎಂದು ಕೇಳಿದ್ದಕ್ಕೆ ‘ಯಾವುದಾದರೂ 9 ವೋಲ್ಟಿನದು ಆಗುತ್ತದೆ’ ಎಂದರು. ನಿಮ್ಮ ಮಾತೇ ನೆನಪಾಯಿತು. ಬಿಜೈಯವರೇ, ಭಾನುವಾರ ಪೂಜೆ ಮುಗಿಸಿ ಎಕ್ಸ್‌ಪ್ರೆಸ್ ಬಸ್ ಹಿಡಿದರೆ ಹನ್ನೊಂದರೊಳಗೆ ಅಲ್ಲಿರುತ್ತೇನೆ. ಅವರ ಮನೆಗೆ ಹೋಗುವ ಮೊದಲು ನಿಮ್ಮ ಅಡಾಪ್ಟರನ್ನು ಒಂದು ಗಂಟೆಯ ಮಟ್ಟಿಗೆ ಎರವಲು ಕೊಡುತ್ತೀರಾ?

ಬಿಜೈಯ ಹಳೆ ಬ್ಯಾಂಡ್:

ಅಡಾಪ್ಟರ್ ಒಂದನ್ನೇ ಕಳುಹಿಸುವುದಿಲ್ಲ, ನಾನೂ ಬರುತ್ತೇನೆ. ಹನ್ನೆರಡು ಪ್ಯಾಡ್ ಒತ್ತಿ ನೋಡಲು ಇಬ್ಬರಿದ್ದರೆ ಒಳ್ಳೆಯದು. ಫುಟ್‌ಸ್ವಿಚ್ ತರುತ್ತೇನೆ, ನೀವು ಹೆಡ್‌ಫೋನ್ ತನ್ನಿ.